ಅಕ್ಕ ನೋಡದ ಎಲೆತೋಟ

ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಗೆ ಎಷ್ಟು ಕಂಬಗಳಿದ್ದವು ಎಂಬ ವಿಷಯದಲ್ಲಿ ನನಗೂ ಗಿರಿಜಕ್ಕನಿಗೂ ಕೊನೆಯವರೆಗೆ ಹೊಂದಿಕೆಯಾಗಲಿಲ್ಲ. ನನ್ನ ಪ್ರಕಾರ ಆರು, ಅವಳ ಪ್ರಕಾರ ನಾಲ್ಕು. ಮನೆ ಈಗಿಲ್ಲ, ಎಣಿಸಿ ನೋಡುವಂತಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಕಲ್ಲಿನ ಮೇಲೆ ಕೊರೆದ ಸಾಲನ್ನೂ ಎರಡನೆಯ ಸಾಕ್ಷಿಯಿಲ್ಲದೆ ನಂಬಬಾರದೆಂದು ಕಲಿತವನು ನಾನು. ಅದೇ ಅಳತೆಗೋಲನ್ನು ನನ್ನ ಬಾಲ್ಯಕ್ಕೆ ಹಿಡಿದರೆ ಉಳಿಯುವುದು ಬಹಳ ಕಡಿಮೆ. ಆದರೆ ಕೆಲವು ಸಂಗತಿಗಳ ಬಗ್ಗೆ ನನಗೆ ಅನುಮಾನವಿಲ್ಲ. ಪಡಸಾಲೆಯ ಎಡಕ್ಕೆ, ಒದ್ದೆ ಗೋಣಿತಟ್ಟಿನ ಕೆಳಗೆ, ವೀಳ್ಯದೆಲೆಯ ಪೆಂಡಿಗಳಿರುತ್ತಿದ್ದವು. ಅವುಗಳ ತಂಪು ಖಾರದ ವಾಸನೆ ದೇವರ ಕೋಣೆಯ ವಿಭೂತಿಗೂ, ಅಡುಗೆಮನೆಯ ರೊಟ್ಟಿಗೂ, ನನ್ನ ಪಾಟಿಗೂ ಹತ್ತಿತ್ತು. ಮುಂಜಾನೆಯ ರೊಟ್ಟಿ ಬಡಿಯುವ ಕೆಲಸ ಮುಗಿದ ಮೇಲೆ ಮನೆಯ ಹೆಂಗಸರೆಲ್ಲ ಅಲ್ಲಿ ಕೂತು ಎಳೆಯದು, ಬಲಿತದ್ದು, ಚುಕ್ಕೆ ಬಿದ್ದದ್ದು ಎಂದು ಎಲೆ ಬೇರೆ ಮಾಡುತ್ತಿದ್ದರು. ನನ್ನ ತಂದೆಯ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಎಲೆಯನ್ನು ನೋಡುತ್ತಲೂ ಇರಲಿಲ್ಲ. ಹೆಬ್ಬೆರಳು ಸವರಿ ಎಸೆಯುತ್ತಿದ್ದಳು, ಅದು ಸರಿಯಾದ ರಾಶಿಗೇ ಬೀಳುತ್ತಿತ್ತು.

ಎಲೆ ಮನೆಗೆ ಬಂದ ಮೇಲೆ ಹೆಂಗಸರದು. ತೋಟದಲ್ಲಿರುವವರೆಗೆ ಗಂಡಸರದು. ಇದು ನಮ್ಮ ಮನೆಯ ನಿಯಮವಷ್ಟೇ ಅಲ್ಲ, ಕೆರೆಯ ಕೆಳಗೆ ಎಲೆಬಳ್ಳಿ ಹಚ್ಚಿದ ಎಲ್ಲ ಮನೆಗಳದೂ ಆಗಿತ್ತು. ಮೈನೆರೆದ ಹೆಣ್ಣು ಬಳ್ಳಿಯ ಸಾಲಿನೊಳಗೆ ಕಾಲಿಟ್ಟರೆ ಬುಡ ಕೊಳೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಸಣ್ಣ ಹುಡುಗಿಯರಿಗೆ ಅಡ್ಡಿಯಿರಲಿಲ್ಲ. ಒಬ್ಬರ ತೋಟಕ್ಕೂ ಇನ್ನೊಬ್ಬರದಕ್ಕೂ ನಡುವೆ ಒಂದು ಕಾಲುವೆಯಷ್ಟೇ ಅಂತರ. ಆದ್ದರಿಂದ ಒಂದು ಮನೆಯವರ ತಪ್ಪು ಊರಿನ ತಪ್ಪಾಗುತ್ತಿತ್ತು. ಈ ನಿಯಮಕ್ಕೆ ಆಯಿಯಂಥ ಕಾವಲುಗಾರ್ತಿ ಇನ್ನೊಬ್ಬಳಿರಲಿಲ್ಲ. ಅಪ್ಪನಿಗೆ ಬುತ್ತಿ ಒಯ್ಯುವ ಅವ್ವ ತೋಟದ ಬೇಲಿಯಿಂದ ಎಷ್ಟು ದೂರ ನಿಂತಳು ಎಂದು ಅವಳು ನನ್ನನ್ನು ಕರೆದು ವಿಚಾರಿಸುತ್ತಿದ್ದಳು.

ಗಿರಿಜಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳು ಬೆಳೆದದ್ದು ಹಿರೇಕೆರೂರಿನಾಚೆ ಮಾಸೂರಿನಲ್ಲಿ, ಸೋದರಮಾವನ ಮನೆಯಲ್ಲಿ. ಮದಗದ ಕೆರೆಯ ನೀರು ಯಾವ ಗದ್ದೆಗೆ ಯಾವಾಗ ಬಿಡುತ್ತಾರೆ, ಭತ್ತದ ಸಸಿಯನ್ನು ಎಷ್ಟು ಬೆರಳು ಆಳಕ್ಕೆ ಊರುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಹಾನಗಲ್ಲಿಗೆ ತಿರುಗಿ ಬಂದದ್ದೇ ಮದುವೆಗೆ. ಆ ಹೊತ್ತಿಗೆ ತೋಟದೊಳಗೆ ಹೋಗುವ ವಯಸ್ಸು ದಾಟಿತ್ತು. ಗಂಡನ ಮನೆಗೆ ಹೋಗಿ ಆರು ತಿಂಗಳಾಗುವುದರೊಳಗೆ ಆತ ಜ್ವರದಿಂದ ತೀರಿಕೊಂಡ. ಅಕ್ಕ ಟ್ರಂಕಿನೊಂದಿಗೆ ಮನೆಗೆ ಬಂದಳು. ಆಗ ಅಪ್ಪ, ಯಾರನ್ನೂ ಕೇಳದೆ, ಅವಳನ್ನು ಮತ್ತೆ ಹೆಣ್ಣುಮಕ್ಕಳ ಶಾಲೆಗೆ ಹಾಕಿದ. ತನ್ನ ಭುಜದೆತ್ತರಕ್ಕೂ ಬರದ ಹುಡುಗಿಯರ ಸಾಲಿನಲ್ಲಿ ಕೂತು ಅವಳು ನಾಲ್ಕು ವರ್ಷ ಓದಿದಳು, ಮುಲ್ಕಿ ಪರೀಕ್ಷೆ ಪಾಸಾದಳು. ಏಳನೆಯ ಇಯತ್ತೆಯ ಕೊನೆಗೆ ಬರುವ ಆ ಪರೀಕ್ಷೆ ಮುಗಿಸಿದವರು ಪ್ರಾಥಮಿಕ ಶಾಲೆಯಲ್ಲಿ ಕಲಿಸಬಹುದಿತ್ತು. ಆದರೆ ಅದು ಅರ್ಧ ದಾರಿ ಮಾತ್ರ. ಕೆಲಸ ಕಾಯಂ ಆಗಬೇಕಾದರೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಬೇಕು. ಅಲ್ಲಿಗೆ ಹೋಗಬೇಕಾದರೆ ಊರ ಶಾಲೆಯಲ್ಲಿ ಒಂದು ವರ್ಷ ಕಲಿಸಿ, ತಪಾಸಣೆಗೆ ಬರುವ ಸಾಹೇಬರ ಮುಂದೆ ಒಂದು ಪಾಠ ಹೇಳಿ ತೋರಿಸಿ, ಅವರಿಂದ ಶಿಫಾರಸು ಬರೆಸಿಕೊಳ್ಳಬೇಕು.

ಆ ವರ್ಷವೇ ಆಯಿ ಬೇರೆ ದಾರಿ ಹುಡುಕಿದ್ದಳು. ರಟ್ಟೀಹಳ್ಳಿಯ ಕಿರಾಣಿ ವ್ಯಾಪಾರಿಯೊಬ್ಬ, ಹೆಂಡತಿ ಸತ್ತು ಮೂವರು ಮಕ್ಕಳಿದ್ದವ, ಅಕ್ಕನನ್ನು ಉಡಕಿ ಮಾಡಿಕೊಳ್ಳಲು, ಎಂದರೆ ವಿಧವೆಯನ್ನು ಮರುಮದುವೆಯಾಗಲು ಒಪ್ಪಿದ್ದ. ನಮ್ಮವರಲ್ಲಿ ಅದು ಅವಮಾನವೇನಲ್ಲ. ಆಯಿ ಕೆಟ್ಟ ಮನಸ್ಸಿನಿಂದ ಮಾಡಿದ್ದೂ ಅಲ್ಲ. ತನ್ನ ಕಣ್ಣ ಮುಂದೆ ಮೊಮ್ಮಗಳಿಗೆ ಒಂದು ಮನೆಯಾಗಲಿ ಎಂಬುದಷ್ಟೇ ಅವಳ ಹಟ. ಅಪ್ಪ ಒಂದು ಗಡುವು ಹಾಕಿದ. ಸಾಹೇಬರು ಈ ಸಲ ಆರಿಸಿದರೆ ಧಾರವಾಡ, ಇಲ್ಲವಾದರೆ ರಟ್ಟೀಹಳ್ಳಿ. ಎಂಟೋ ಒಂಬತ್ತೋ ವರ್ಷದವನಾಗಿದ್ದ ನನಗೂ ಈ ಎರಡು ಊರುಗಳ ನಡುವಿನ ದೂರ ಅರ್ಥವಾಗಿತ್ತು.

ಪಾಠದ ವಿಷಯವನ್ನು ಶಾಲೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಅಕ್ಕೋರು ಎನ್ನುತ್ತಿದ್ದವರು, ಗೊತ್ತುಮಾಡಿದರು. ಸಾಹೇಬರಿಗೆ ವಸ್ತುಪಾಠ ಇಷ್ಟ. ಊರಿನದೇ ಒಂದು ವಸ್ತುವನ್ನು ತೋರಿಸಿ, ಪ್ರಶ್ನೆ ಕೇಳುತ್ತ ಹೋಗಿ, ಮಕ್ಕಳ ಬಾಯಿಂದಲೇ ಪಾಠ ಹೊರಡಿಸಬೇಕು. ನಿಮ್ಮ ಮನೆಯಲ್ಲೇ ಎಲೆತೋಟವಿದೆ, ನಿನಗೆ ಎಲೆಬಳ್ಳಿಯ ಪಾಠ ಸುಲಭ ಎಂದು ಅವರು ಉಪಕಾರ ಮಾಡಿದಂತೆ ಹೇಳಿದರು. ಅಕ್ಕ ಭತ್ತ ಬೇಡಬಹುದಿತ್ತು. ಬೇಡಲಿಲ್ಲ. ದಿನಕ್ಕೆ ಸಾವಿರ ಎಲೆ ಮುಟ್ಟುವವಳು ಬಳ್ಳಿಯನ್ನೇ ನೋಡಿಲ್ಲವೆಂದು ಹೇಳಲು ಅವಳಿಗೆ ನಾಚಿಕೆಯಾಯಿತಂತೆ. ಅಪ್ಪನನ್ನು ಕೇಳುವಂತಿರಲಿಲ್ಲ. ತೋಟದ ಮಾತನ್ನು ಅವನು ಹೆಂಗಸರೆದುರು ಆಡುತ್ತಿರಲಿಲ್ಲ. ಉಳಿದವನು ನಾನು. ಅಕ್ಕ ನನ್ನನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡಿಸಿ, ಬೆಲ್ಲದ ತುಣುಕು ಕೊಟ್ಟು, ಪೆನ್ಸಿಲು ಹಿಡಿದು ಕೇಳತೊಡಗಿದಳು. ಬಳ್ಳಿಯನ್ನು ಯಾವ ಗಿಡಕ್ಕೆ ಹಬ್ಬಿಸುತ್ತಾರೆ, ಯಾವುದರಿಂದ ಕಟ್ಟುತ್ತಾರೆ, ನೀರು ಎಷ್ಟು ದಿನಕ್ಕೊಮ್ಮೆ. ದೊಡ್ಡವಳೊಬ್ಬಳು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಾಳೆ ಎಂಬ ಅಮಲು ನನಗೆ ಏರಿತ್ತು. ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದನ್ನು ಅದಕ್ಕಿಂತ ಗಟ್ಟಿಯಾಗಿ ಹೇಳಿದೆ.

ಅದರಲ್ಲಿ ಒಂದು ಮಾತು ಹೀಗಿತ್ತು. ಕೆಲವು ದಿನಗಳ ಹಿಂದೆ ಅಪ್ಪನೂ ನಮ್ಮ ತೋಟದ ಆಳು ಫಕೀರಪ್ಪನೂ ಬಳ್ಳಿಗಳನ್ನು ಗಿಡದಿಂದ ಬಿಡಿಸಿ ನೆಲಕ್ಕಿಳಿಸುವುದನ್ನು ನಾನು ನೋಡಿದ್ದೆ. ಗಿಡದ ಬುಡದಲ್ಲಿ ಕುಣಿ ತೋಡಿದರು. ಬಳ್ಳಿಯನ್ನು ಸುತ್ತಿ ಅದರಲ್ಲಿ ಕೂಡಿಸಿದರು. ಮೊದಲ ಬಳ್ಳಿಗೆ ಅಪ್ಪ ವಿಭೂತಿ ಹಚ್ಚಿ, ಕೈಮುಗಿದು, ಮೂರು ಹಿಡಿ ಮಣ್ಣು ಹಾಕಿದ. ಅದೇ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಿದ್ದರು. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕುಣಿಯಲ್ಲಿ ಕೂಡಿಸಿ, ವಿಭೂತಿ ಇಟ್ಟು, ಹಿಡಿ ಹಿಡಿ ಮಣ್ಣು ಹಾಕುತ್ತಾರೆ. ಅದನ್ನು ಅಪ್ಪನ ಹೆಗಲ ಮೇಲಿಂದ ನೋಡಿದ್ದವನಿಗೆ ಇದೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಳ್ಳಿ ವರ್ಷಕ್ಕೊಮ್ಮೆ ಸಾಯುತ್ತದೆ, ಅದಕ್ಕೆ ಮಣ್ಣು ಕೊಡುತ್ತಾರೆ, ಆಮೇಲೆ ಹೊಸದನ್ನು ಹಚ್ಚುತ್ತಾರೆ ಎಂದು ನಾನು ಅಕ್ಕನಿಗೆ ಹೇಳಿದೆ. ಅಥವಾ ಬರೀ ಹೂಳುತ್ತಾರೆ ಎಂದೆನೋ. ಮುಪ್ಪಿನಲ್ಲಿ ಅಕ್ಕ, ‘ಸತ್ತದ್ದು ಅಂತ ನೀ ಅಂದಿಲ್ಲ, ನಾನs ತಿಳಕೊಂಡೆ’ ಎಂದು ವಾದಿಸುತ್ತಿದ್ದಳು. ನನ್ನನ್ನು ಉಳಿಸಲು ಹಾಗೆ ಹೇಳುತ್ತಿದ್ದಳೋ, ನಿಜವೋ, ನನಗೆ ತಿಳಿಯದು. ಅವಳೂ ಅದೇ ದೊಡ್ಡಪ್ಪನ ಮಣ್ಣಿಗೆ ಬಂದವಳು. ಅನುಮಾನಪಡಲು ಅವಳಿಗೂ ಕಾರಣ ಕಾಣಲಿಲ್ಲ.

ಮುಂದಿನ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಗೋಡೆಗೆ ಒರಗಿಸಿದ ಕರಿಹಲಗೆ, ಕುರ್ಚಿಯ ಮೇಲೆ ಸಾಹೇಬರು, ಅವರ ಮೊಣಕಾಲಿನ ಮೇಲೆ ಹ್ಯಾಟು. ಆದರೆ ಅದು ಹೆಣ್ಣುಮಕ್ಕಳ ಶಾಲೆ, ನಾನು ಅಲ್ಲಿರಲು ಸಾಧ್ಯವೇ ಇಲ್ಲ. ಹ್ಯಾಟನ್ನು ನಾನೇ ಸೇರಿಸಿರಬೇಕು. ಹಾಗಾಗಿ ಅಕ್ಕ ಹೇಳಿದ್ದಷ್ಟನ್ನೇ ಬರೆಯುತ್ತೇನೆ. ಪಾಠ ಚೆನ್ನಾಗಿ ಸಾಗಿತ್ತು. ಮಕ್ಕಳು ಎಲೆ ಮೂಸಿದರು, ನರ ಎಣಿಸಿದರು. ಬಳ್ಳಿ ವರ್ಷಕ್ಕೊಮ್ಮೆ ಸಾಯುತ್ತದೆ ಎಂದು ಅಕ್ಕ ಹಲಗೆಯ ಮೇಲೆ ಬರೆದಾಗ ಎರಡನೆಯ ಸಾಲಿನಿಂದ ಫಕೀರಪ್ಪನ ಮಗಳು ಮಲ್ಲವ್ವ ಎದ್ದು ನಿಂತಳು. ಆಗ ಅವಳಿಗೆ ಏಳೆಂಟು ವರ್ಷ.

“ಅಕ್ಕೋರ, ಅದು ಸತ್ತಿರೂದಿಲ್ಲರಿ. ಮಲಗಿಸಿರ್ತಾರ.”

“ಮಣ್ಣಾಗ ಹೂಳ್ತಾರಲ್ಲ?”

“ತುದಿ ಹೊರಗ ಇಟ್ಟಿರ್ತಾರ್ರಿ. ಸತ್ತವರ ಮಾರಿ ಯಾರರ ಹೊರಗ ಇಡ್ತಾರೇನ್ರಿ?”

ಹುಡುಗಿಯರು ನಕ್ಕರು. ದೊಡ್ಡ ಅಕ್ಕೋರು ಅವಳನ್ನು ಕೂಡಿಸಲು ಮುಂದೆ ಬಂದರು. ಅಕ್ಕ ಅವರನ್ನು ತಡೆದು, ಹಲಗೆಯ ಮೇಲಿನ ಸಾಲನ್ನು ಒರೆಸಿ, ಮಲ್ಲವ್ವನಿಗೆ ಮುಂದೆ ಬಂದು ಉಳಿದದ್ದನ್ನು ಹೇಳಲು ಹೇಳಿದಳು. ಆಮೇಲೆ ಸಾಹೇಬರು ಅಕ್ಕನನ್ನು ಬದಿಗೆ ಕರೆದು ಮನೆಯಲ್ಲಿ ತೋಟವಿರುವುದು ಹೌದೋ ಅಲ್ಲವೋ ಎಂದು ಕೇಳಿದರು.

“ಐತ್ರಿ. ನಾ ನೋಡಿಲ್ಲರಿ. ನಮ್ಮಲ್ಲೆ ಹೆಣ್ಣಮಕ್ಕಳು ಒಳಗ ಹೋಗೂದಿಲ್ಲ. ಕೇಳಿದ್ದನ್ನ ಹೇಳಿದೆ.”

“ನಾ ಈಗ ಹಿರೇಕೆರೂರ ಕಡೆ ಹೊಂಟೇನಿ. ಒಂದೂವರಿ ತಿಂಗಳಿಗೆ ತಿರಗಿ ಬರ್ತೇನಿ. ಇದs ಪಾಠ ಮತ್ತೊಮ್ಮೆ ಹೇಳ್ರಿ. ಕೇಳಿದ್ದು ಬ್ಯಾಡ, ನೋಡಿದ್ದು ಹೇಳ್ರಿ.”

ಯಾರಿಂದ ಕೇಳಿದ್ದು ಎಂದು ಅವಳು ಅಲ್ಲಿಯೂ ಹೇಳಲಿಲ್ಲ, ಮನೆಯಲ್ಲಿಯೂ ಹೇಳಲಿಲ್ಲ. ನನ್ನನ್ನು ಮಾತ್ರ ಒಂದು ಪ್ರಶ್ನೆ ಕೇಳಿದಳು. ಕೊನೆಯವರೆಗೆ ನಿಂತು ನೋಡಿದ್ದೆಯಾ? ನಾನು ಹಸಿವಾಗಿ ಮಣ್ಣು ಮುಚ್ಚುವ ಮೊದಲೇ ಮನೆಗೆ ಓಡಿಬಂದಿದ್ದೆ. ಅದನ್ನು ಒಪ್ಪಿಕೊಂಡೆ. ಅವಳು ತಲೆಯಾಡಿಸಿ ರೊಟ್ಟಿ ಬೇಯಿಸಲು ಹೋದಳು. ಆ ಮೇಲೆ ನಾನು ಬಹಳ ಊರು, ಬಹಳ ಕೆಲಸ ಬದಲಿಸಿದ್ದೇನೆ. ಪುಸ್ತಕವೊಂದನ್ನು ಓದುವಾಗ ಇವನು ಕೊನೆಯವರೆಗೆ ನಿಂತು ನೋಡಿದನೋ, ನಡುವೆ ಊಟಕ್ಕೆ ಎದ್ದು ಹೋದನೋ ಎಂದು ಕೇಳಿಕೊಳ್ಳುವ ಚಾಳಿ ಮಾತ್ರ ಬಿಟ್ಟಿಲ್ಲ.

ಮರುದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದ. ಬಿಸಿ ರೊಟ್ಟಿ, ಮುಳಗಾಯಿ ಪಲ್ಯ, ಅಗಸಿ ಹಿಂಡಿ. ಅಕ್ಕ ಎರಡನೆಯ ರೊಟ್ಟಿ ಹಾಕುತ್ತ, ತಾನು ಒಂದು ಸಲ ತೋಟದೊಳಗೆ ಹೋಗಿ ಬರಬೇಕು ಎಂದಳು. ಅಪ್ಪ ಸಿಟ್ಟಿಗೇಳಲಿಲ್ಲ. ನಾನು ಅವನಿಗೆ ಇವತ್ತೂ ಅನ್ಯಾಯ ಮಾಡಲಾರೆ. ಅವನು ಹೇಳಿದ್ದರಲ್ಲಿ ಲೆಕ್ಕವಿತ್ತು.

“ಮಗ್ಗಲದ ತ್ವಾಟದವರು ಸುಮ್ನ ಇರ್ತಾರೇನ? ನಾಳೆ ಅವರ ಬಳ್ಳಿಗೆ ರೋಗ ಬಿತ್ತಂದ್ರ ನಮ್ಮ ಬಾಗಲಾಗ ಬಂದು ನಿಂದರ್ತಾರ. ನನಗ ಓದಸಾಕ ಬರತೈತಿ ಗಿರಿಜಾ, ಊರ ಬಾಯಿ ಮುಚ್ಚಾಕ ಬರೂದಿಲ್ಲ.”

ಆಯಿ ಪಡಸಾಲೆಯಿಂದಲೇ ಕೂಗಿದಳು:

“ರಟ್ಟೀಹಳ್ಳಿಯವರು ತ್ವಾಟ ನೋಡಿಯೇನು ಅಂತ ಕೇಳೂದಿಲ್ಲ ಬಿಡವ್ವಾ.”

“ಅವರು ಏನೂ ಕೇಳೂದಿಲ್ಲ ಆಯಿ. ಅದಕ್ಕs ನನಗ ಅವರು ಬ್ಯಾಡ.”

ಅಪ್ಪ ಉಣ್ಣುವಾಗ ಎಂದೂ ಬಾಯಿ ತೆರೆಯದ ಅವ್ವ, ಮಜ್ಜಿಗೆಯ ತಂಬಿಗೆಯನ್ನು ಅವನ ಮುಂದಿಡುತ್ತ, ತನಗೆ ತಾನೇ ಹೇಳಿಕೊಂಡಂತೆ ಅಂದಳು:

“ಆಕಿ ತ್ವಾಟಕ್ಕ ಹೋಗಬಾರದು, ಖರೆ. ಬಳ್ಳಿ ಹಿತ್ತಲಕ್ಕ ಬರಬಾರದು ಅಂತ ಯಾರೂ ಹೇಳಿಲ್ಲ.”

ಅಪ್ಪ ಮಜ್ಜಿಗೆ ಕುಡಿದು ಎದ್ದ. ಎರಡು ದಿನ ಆ ಮಾತು ಯಾರೂ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಫಕೀರಪ್ಪ ಬೇರುಸಹಿತ ಕಿತ್ತ ಉದ್ದನೆಯ ಬಳ್ಳಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಹಿತ್ತಲ ನುಗ್ಗೆಗಿಡದ ಬುಡದಲ್ಲಿ ಇಟ್ಟುಹೋದ. ಅಪ್ಪ ಅಂಗಿಯ ತೋಳು ಮಡಚಿ ಕುಣಿ ತೋಡಿದ.

ಅಪ್ಪ ಕೆಲಸದಲ್ಲಿ ನುರಿತವನು. ಕಲಿಸುವುದರಲ್ಲಿ ಅವನಷ್ಟು ಕೆಟ್ಟವನನ್ನು ನಾನು ಕಂಡಿಲ್ಲ. ಅಕ್ಕನಿಗೆ ಬೆನ್ನು ತಿರುಗಿಸಿ ಕೂತು ಎರಡು ನಿಮಿಷದಲ್ಲಿ ಬಳ್ಳಿ ಸುತ್ತಿ ಮಣ್ಣು ಮುಚ್ಚಿದ. ಅವಳು ಮತ್ತೊಮ್ಮೆ ತೋರಿಸಲು ಬೇಡಿದಳು. ಬಿಚ್ಚಿ ಮತ್ತೆ ಅಷ್ಟೇ ಬೇಗ ಮುಚ್ಚಿದ. ಎಷ್ಟು ಸುತ್ತು, ಯಾಕೆ ಸುತ್ತಬೇಕು, ಎಷ್ಟು ತುದಿ ಹೊರಗೆ ಬಿಡಬೇಕು ಎಂದು ಅವಳು ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ: ಹಂಗ ಮಾಡ್ತಾರ. ಆಯಿ ಹಿಂಬಾಗಿಲ ಹೊಸ್ತಿಲ ಮೇಲೆ ಬುಟ್ಟಿ ಇಟ್ಟುಕೊಂಡು ಎಲೆ ಬೇರೆ ಮಾಡುತ್ತಿದ್ದಳು. ಈ ಬಳ್ಳಿ ಹೆಂಗಸರ ಹಿತ್ತಲಲ್ಲಿ ಎಂಟು ದಿನ ಬಾಳಲಾರದು ಎಂದು ಆಗಲೇ ಎರಡು ಸಲ ಹೇಳಿದ್ದಳು. ಅಪ್ಪ ನಾಲ್ಕನೆಯ ಸಲ ಬಳ್ಳಿ ಬಿಚ್ಚಿದಾಗ ಬುಟ್ಟಿ ಸರಿಸಿ ಎದ್ದು ಬಂದಳು.

“ಸರಿ ಅತ್ತಾಗ. ಬಳ್ಳಿ ಮುರದೀ.”

ಅವಳು ಕುಕ್ಕರಗಾಲಿನಲ್ಲಿ ಕೂತಳು. ಕುಣಿಯನ್ನು ಅಂಗೈಯಿಂದ ಒಂದಿಷ್ಟು ಅಗಲ ಮಾಡಿದಳು. ಅಕ್ಕನ ಕೈಹಿಡಿದು ಬಳ್ಳಿಯ ಮೇಲಿಟ್ಟು, ಎಲೆ ಉದುರಿದ ಬರಿದಾದ ಭಾಗ ಯಾವುದು, ಗೆಣ್ಣು ಯಾವುದು ಎಂದು ಮುಟ್ಟಿಸಿ ತೋರಿಸಿದಳು. ಬೇರು ಒಡೆಯುವುದು ಗೆಣ್ಣಿನಲ್ಲಿ, ಹಾಗಾಗಿ ಗೆಣ್ಣು ಮಣ್ಣಿಗೆ ತಾಗಬೇಕು. ಬಳ್ಳಿ ಮೇಲೆ ಹೋದಷ್ಟೂ ಎಲೆ ಸಣ್ಣದಾಗುತ್ತದೆ, ಅದಕ್ಕೇ ಇಳಿಸುವುದು.

“ಕೊಡದ ಕೆಳಗ ತಲಿಮ್ಯಾಲೆ ಸಿಂಬಿ ಇಟಗೋತಿ ಹೌದಿಲ್ಲೋ? ಹಂಗ ಸುತ್ತು, ಸಡ್ಲ ಇರಲಿ. ಬಿಗದ್ರ ಗೆಣ್ಣು ಮುರೀತಾವ. ಎರಡ ಮೊಳ ತುದಿ ಹೊರಗ ಬಿಡು. ಈಗ ನೀ ಮಾಡು.”

ಅಕ್ಕ ಮಾಡಿದಳು. ಒಂದು ಸುತ್ತು ಬಿಗಿಯಾಯಿತು. ಆಯಿ ಬಿಚ್ಚಿಸಿ ಮತ್ತೆ ಮಾಡಿಸಿದಳು. ಅಪ್ಪ ಮಣ್ಣು ಮೆತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.

“ಅವ್ವಾ, ನಿನಗ ಹ್ಯಾಂಗ ಗೊತ್ತು?”

ಆಯಿ ಅವನತ್ತ ನೋಡಲಿಲ್ಲ. ಮಣ್ಣು ಮುಚ್ಚುತ್ತಲೇ ಹೇಳಿದಳು.

“ನೀ ತೊಟ್ಟಲದಾಗ ಇದ್ದಿ. ನಿಮ್ಮಪ್ಪ ಹಾಸಗಿ ಹಿಡದಿದ್ದ. ಆ ವರ್ಷ ಬಳ್ಳಿ ಯಾರು ಇಳಿಸಿದ್ರು ಅಂತ ಮಾಡೀ? ಅವನs ಇಳಿಸಿದ್ನೇನು, ಮಲಕೊಂಡು?”

ಗಂಡನ ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ಆಚೀಚೆಯ ತೋಟದವರು ಊಟಕ್ಕೆ ಹೋದ ಹೊತ್ತು ನೋಡಿ, ಫಕೀರಪ್ಪನ ತಾಯಿಗೂ ಹಾಗೇ ಉಡಿಸಿ ಜೊತೆಗೆ ಕರೆದುಕೊಂಡು ಅವಳು ತೋಟದ ಬಳ್ಳಿಗಳನ್ನೆಲ್ಲ ಇಳಿಸಿದ್ದಳು. ದೂರದಿಂದ ನೋಡಿದವರು ಆಳುಗಳೆಂದುಕೊಂಡರು. ಆ ವರ್ಷ ಎಲೆ ಹೇಗೆ ಬಂದಿತ್ತು ಎಂದು ಅಕ್ಕ ಕೇಳಿದಳು. ಪ್ರತಿ ವರ್ಷದ ಹಾಗೆಯೇ ಎಂದಳು ಆಯಿ. ಅಪ್ಪ ಕೈಯ ಮಣ್ಣನ್ನು ಉದುರಿಸಿಕೊಂಡ. ಹಾಗಾದರೆ ಇಷ್ಟು ವರ್ಷ ತನ್ನ ಹೆಂಡತಿಯನ್ನು ಬೇಲಿಯಾಚೆ ಯಾಕೆ ನಿಲ್ಲಿಸಿದೆ ಎಂದು ಅವನು ಕೇಳಬಹುದಿತ್ತು. ಅವ್ವ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು ಎಂದು ನನಗೆ ನೆನಪು, ಅವಳೂ ಕೇಳಲಿಲ್ಲ. ನಿಯಮವನ್ನು ಒಮ್ಮೆ ಮುರಿದವಳೇ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕಾದದ್ದು ವಿಚಿತ್ರವೆಂದು ಮೊದಲು ನನಗೆ ಅನಿಸುತ್ತಿತ್ತು. ಈಗ ಅನಿಸುವುದಿಲ್ಲ. ಅವಳ ಮನೆಯ ಮೇಲೆ ಎಂದಾದರೂ ಅನುಮಾನ ಬರಬಾರದಾಗಿದ್ದರೆ ಇನ್ನೇನು ಮಾಡಬೇಕಿತ್ತು?

ಕೈ ತೊಳೆದುಕೊಂಡು ಬಂದು ಆಯಿ ಅಕ್ಕನಿಗೆ ಒಂದೇ ಮಾತು ಹೇಳಿದಳು. ಈ ಸಂಗತಿ ಹಿತ್ತಲ ಗೋಡೆ ದಾಟಬಾರದು. ದಾಟಿದರೆ ಆಚೀಚೆಯವರು ಹಳೆಯ ರೋಗಗಳನ್ನೆಲ್ಲ ಲೆಕ್ಕ ಹಾಕಿ ತರುತ್ತಾರೆ. ಅಕ್ಕ ಒಪ್ಪಿದಳು. ನಾನು ಈಗ ಬರೆಯುತ್ತಿದ್ದೇನೆ. ಆ ತೋಟಗಳಿಲ್ಲ, ಆ ಜನರೂ ಇಲ್ಲ. ಬರೆದರೆ ಯಾರ ಬಳ್ಳಿಯೂ ಕೊಳೆಯುವುದಿಲ್ಲ.

ಮೂರು ವಾರಕ್ಕೆ ಗೆಣ್ಣಿನಿಂದ ಎರಡು ಹೊಸ ಚಿಗುರು ಮಣ್ಣು ಒಡೆದು ಬಂದವು. ದಿನವೂ ಅಕ್ಕ ನೀರು ಹಾಕುತ್ತಿದ್ದಳು, ಅವ್ವ ಅದರ ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಹಿತ್ತಲ ಬಳ್ಳಿಯ ಮಾತು ಬೇರೆ, ತೋಟದ ಬಳ್ಳಿಯ ಮಾತು ಬೇರೆ ಎಂದು ಆಯಿ ಹೇಳಿದಳು. ಆ ಮಾತನ್ನು ನಾನು ಆಮೇಲೆ ದೊಡ್ಡ ದೊಡ್ಡ ವಿದ್ವಾಂಸರ ಬಾಯಿಂದ ಬೇರೆ ಬೇರೆ ರೂಪದಲ್ಲಿ ಕೇಳಿದ್ದೇನೆ.

ಸಾಹೇಬರು ಹೇಳಿದಂತೆ ತಿರುಗಿ ಬಂದರು. ಈ ಸಲ ಅಕ್ಕ ಶಾಲೆಗೆ ಒಯ್ದದ್ದು ಒಂದು ಮಣ್ಣಿನ ಗಡಿಗೆ, ಅದರಲ್ಲಿ ಮಣ್ಣು, ಬಳ್ಳಿಯ ತುಂಡುಗಳು, ಮತ್ತು ನೀರು ತರುವಾಗ ತಲೆಯ ಮೇಲಿಡುವ ಬಟ್ಟೆಯ ಸಿಂಬಿ. ಪ್ರತಿ ಹುಡುಗಿಯ ಕೈಗೂ ಸಿಂಬಿ ಕೊಟ್ಟು ಸುತ್ತಿಸಿದಳು, ಆಮೇಲೆ ಬಳ್ಳಿ ಸುತ್ತಿಸಿದಳು. ಬಿಗಿಯಾಗಿ ಸುತ್ತಿದವರ ಗೆಣ್ಣು ಮುರಿಯಲು ಬಿಟ್ಟು, ಯಾಕೆ ಮುರಿಯಿತು ಎಂದು ಅವರನ್ನೇ ಕೇಳಿದಳು. ಪಾಠ ಮುಗಿದ ಮೇಲೆ ಸಾಹೇಬರು ಕೇಳಿದರಂತೆ:

“ತ್ವಾಟದೊಳಗ ಹೋಗಿ ಬಂದ್ರೇನು?”

“ಇಲ್ಲರಿ. ನಮ್ಮ ಹಿತ್ತಲದಾಗ ಒಂದs ಬಳ್ಳಿ ಇಳಿಸಿ ನೋಡೇನಿ. ಅಷ್ಟs ನನಗ ಗೊತ್ತು.”

“ಯಾರು ಕಲಿಸಿದ್ರು? ಹಿಂಗ ಹೇಳಿಕೊಡೂದು ತ್ವಾಟದವರಿಗೆ ಬರೂದಿಲ್ಲ.”

“ಮಾಡಿದವರು ಕಲಿಸಿದ್ರು. ಹೆಸರು ಹೇಳೂದಿಲ್ಲ ಅಂತ ಮಾತು ಕೊಟ್ಟೇನ್ರಿ.”

ಸಾಹೇಬರು ಬಲವಂತ ಮಾಡಲಿಲ್ಲ. ತಮ್ಮ ವರದಿಯಲ್ಲಿ ಆ ಸಾಲನ್ನು ಹಾಗೇ ಖಾಲಿ ಬಿಟ್ಟು ಉಳಿದದ್ದನ್ನು ಬರೆದುಕೊಂಡರು ಎಂದು ಅಕ್ಕ ಹೇಳುತ್ತಿದ್ದಳು.

ಟಪಾಲು ಬಂದದ್ದು ಎಷ್ಟು ದಿನದ ಮೇಲೆ ಎಂಬುದರಲ್ಲಿಯೂ ನಮ್ಮಿಬ್ಬರ ಲೆಕ್ಕ ಬೇರೆ ಬೇರೆ. ಅವಳು ಅದನ್ನು ಪಡಸಾಲೆಯಲ್ಲಿ ನಿಂತು ಎರಡು ಸಲ ಓದಿದಳು ಎಂಬುದರಲ್ಲಿ ಭೇದವಿಲ್ಲ. ಜೂನಿನಿಂದ ಧಾರವಾಡ, ಎರಡು ವರ್ಷ, ಇರಲು ಜಾಗ ಅಲ್ಲಿಯೇ. ಅಪ್ಪ ತೋಟದಲ್ಲಿದ್ದ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಆಯಿ ಎಲೆ ಸವರುವುದನ್ನು ನಿಲ್ಲಿಸಲಿಲ್ಲ.

“ಆ ಸಾಹೇಬ ಕೇಳಿದ್ನಲ್ಲ, ಯಾರು ಕಲಿಸಿದ್ರು ಅಂತ. ನನ್ನ ಹೆಸರು ಹೇಳಿದ್ಯೇನು?”

“ಇಲ್ಲ ಆಯಿ.”

“ಹೇಳಿದ್ರ ಲಗೂನ ಆರಿಸ್ತಿದ್ನೋ ಏನೋ.”

“ಆರಿಸ್ತಿದ್ರೋ ಏನೋ. ಹೇಳಲಿಲ್ಲ.”

ಆಯಿ ಇನ್ನೂ ನಾಲ್ಕೈದು ಎಲೆಗಳನ್ನು ಅವುಗಳ ರಾಶಿಗೆ ಎಸೆದಳು. ಆಮೇಲೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಕರೆದಳು.

“ತ್ವಾಟಕ್ಕ ಓಡು. ರಟ್ಟೀಹಳ್ಳಿಯವರಿಗೆ ಬ್ಯಾರೆ ಹೆಣ್ಣು ನೋಡಿಕೊಳ್ರಿ ಅಂತ ಇವತ್ತs ಹೇಳಿ ಕಳಸಬೇಕಂತ, ಆಯಿ ಹೇಳಿದ್ಲು ಅಂತ ನಿಮ್ಮಪ್ಪಗ ಹೇಳು.”